ಸ್ಟೇರಿಂಗಿಗೆ ಸಂಬಳ, ಲಗೇಜಿಗೆ ಟಿಪ್ಸು

ನಮ್ಮಪ್ಪ ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಏಳೆಂಟು ಸಲ ಏರ್‌ಪೋರ್ಟಿಗೆ ಹೋಗಿಬರುತ್ತಿದ್ದರೂ ಈ ವರ್ಷದವರೆಗೆ ಒಂದು ಸಲವೂ ಒಳಗೆ ಹೋದವನಲ್ಲ. ಹೋಟೆಲಿನ ವ್ಯಾನು ಓಡಿಸುವುದು ಅವನ ಕೆಲಸ. ಅತಿಥಿಗಳನ್ನು ನಾಲ್ಕನೇ ನಂಬರಿನ ಬಾಗಿಲಲ್ಲಿ ಇಳಿಸುವುದು, ಅದೇ ಬಾಗಿಲಲ್ಲಿ ಹತ್ತಿಸಿಕೊಳ್ಳುವುದು. ಆ ಗಾಜಿನ ಬಾಗಿಲಿನ ಆಚೆ ಏನಿದೆ ಅಂತ ಕೇಳಿದರೆ, "ಇನ್ನೇನಿರುತ್ತೆ, ಚಿಲ್ಲರೆ ಇಲ್ಲದೋರು ಇರ್ತಾರೆ" ಅನ್ನುತ್ತಿದ್ದ.

ನಾನು ಅದೇ ಹೋಟೆಲಿನ ಲಾಂಡ್ರಿಯಲ್ಲಿ ಟವೆಲು ಮಡಿಸುತ್ತೇನೆ. ಆವಿ ಹತ್ತಿ ಮಬ್ಬಾದ ಕಿಟಕಿಯ ಗಾಜನ್ನು ಅಂಗೈಯಗಲ ಒರೆಸಿಕೊಂಡರೆ ವ್ಯಾನಿನ ಡಿಕ್ಕಿ ನೇರವಾಗಿ ಕಾಣುತ್ತದೆ. ಜನರ ಮುಖ ಕಾಣುವುದಿಲ್ಲ. ಸೂಟ್‌ಕೇಸು, ಕೈ, ಜೇಬು ಇಷ್ಟೇ. ಅಪ್ಪನ ವಿದ್ಯೆ ಕಲಿಯುವುದಕ್ಕೆ ಅಷ್ಟು ಸಾಕು.

ಅವನ ವಿದ್ಯೆಯ ಪ್ರಕಾರ, ಮೂರು ಸಲ ಥ್ಯಾಂಕ್ಸ್ ಹೇಳುವವನು ಏನೂ ಕೊಡುವುದಿಲ್ಲ. ಮುಂದಿನ ಸಲ ನೋಡಿಕೊಳ್ಳುತ್ತೇನೆ ಅಂದವನು ಮುಂದಿನ ಸಲ ಟ್ಯಾಕ್ಸಿಯಲ್ಲಿ ಬರುತ್ತಾನೆ. ಸೂಟ್‌ಕೇಸಿನ ಬೆಲೆ ಏರಿದಷ್ಟೂ ಒಡೆಯನ ಚಿಲ್ಲರೆ ಇಳಿಯುತ್ತದೆ. ಎಲ್ಲಕ್ಕಿಂತ ಕೆಟ್ಟ ಲಕ್ಷಣವೆಂದರೆ ಎರಡೂ ಜೇಬನ್ನು ಒಟ್ಟಿಗೆ ತಡವಿಕೊಳ್ಳುವುದು. ಕೊಡುವ ಮನಸ್ಸಿದ್ದವನಿಗೆ ದುಡ್ಡು ಯಾವ ಜೇಬಿನಲ್ಲಿದೆ ಅಂತ ಗೊತ್ತಿರುತ್ತದೆ. ಎರಡನ್ನೂ ತಡವುವವನು ಕೊಡುವುದಿಲ್ಲ ಅಂತ ಆಗಲೇ ತೀರ್ಮಾನ ಮಾಡಿರುತ್ತಾನೆ, ಉಳಿದದ್ದು ನಾಟಕ.

ಕೊಡುವುದಕ್ಕೂ ಒಂದು ರೀತಿಯಿದೆ. ನೋಟನ್ನು ನಾಲ್ಕು ಮಡಿಕೆ ಮಾಡಿರಬೇಕು, ಅಂಗೈ ಕೆಳಮುಖವಾಗಿರಬೇಕು, ಕೊಟ್ಟಮೇಲೆ ತಿರುಗಿ ನೋಡಬಾರದು. ತೆಗೆದುಕೊಳ್ಳುವವನೂ ಎಷ್ಟೆಂದು ನೋಡದೆ ಜೇಬಿಗೆ ಇಳಿಸಬೇಕು. ಅತಿಥಿಯ ಬೆನ್ನ ಹಿಂದೆ ಗಾಜಿನ ಬಾಗಿಲು ಮುಚ್ಚಿದ ಮೇಲೆ ಬೇಕಾದರೆ ಎಣಿಸಿಕೊಳ್ಳಲಿ. ಮುಖ್ಯವಾದ ನಿಯಮ ಇನ್ನೊಂದು. ಟಿಪ್ಸು ಸೇರಬೇಕಾದ್ದು ಲಗೇಜು ಎತ್ತಿದ ಕೈಗೆ. "ಸ್ಟೇರಿಂಗಿಗೆ ಸಂಬಳ, ಲಗೇಜಿಗೆ ಟಿಪ್ಸು" ಅಂತ ಅಪ್ಪ ಹೇಳುವಾಗ ಅದು ಎಲ್ಲೋ ಕಲ್ಲಿನ ಮೇಲೆ ಕೊರೆದದ್ದೇನೋ ಅನ್ನಿಸಬೇಕು.

ಎರಡು ವರ್ಷದ ಹಿಂದೆ ಮ್ಯಾನೇಜರು ವ್ಯಾನಿನೊಳಗೆ ಒಂದು ಕಾರ್ಡು ಅಂಟಿಸಿದರು. 'ನಮ್ಮ ಸಿಬ್ಬಂದಿಗೆ ನಿಮ್ಮ ನಗುವೇ ಕಾಣಿಕೆ' ಅಂತ ಬಂಗಾರದ ಬಣ್ಣದಲ್ಲಿ ಬರೆದಿತ್ತು. ಆ ವರ್ಷ ನಮ್ಮ ಮನೆಗೆ ಬಂದಷ್ಟು ನಗು ಯಾವ ವರ್ಷವೂ ಬಂದಿರಲಿಲ್ಲ. ಅಪ್ಪ ಖಾಲಿ ಜೇಬಿನಲ್ಲಿ ಬಂದು ಕೂತಾಗ ಅಮ್ಮ ಸಾಮಾನಿನ ಚೀಟಿಯನ್ನು ಕೈಗಿಟ್ಟು, ಅಂಗಡಿಯವನ ಮುಂದೆಯೂ ಒಂದಿಷ್ಟು ನಕ್ಕು ಬೇಳೆ ತನ್ನಿ ಅನ್ನುತ್ತಿದ್ದಳು.

ಒಂದಲ್ಲ ಒಂದು ದಿನ ತಾನು ಹಿಂದಿನ ಸೀಟಿನಲ್ಲಿ ಕೂತು, ಟಿಪ್ಸು ಅಂದರೆ ಹೇಗೆ ಕೊಡಬೇಕು ಅಂತ ಲೋಕಕ್ಕೆ ತೋರಿಸಬೇಕು ಅನ್ನುವುದು ಅಪ್ಪನ ಆಸೆ. ಅದಕ್ಕಾಗಿ ಹೊಚ್ಚಹೊಸ ನೂರರ ನೋಟೊಂದನ್ನು ನನ್ನ ಹಳೆಯ ಭೂಗೋಳದ ಪುಸ್ತಕದ ನಡುವೆ ಇಟ್ಟಿದ್ದ. ನಾನು ಶಾಲೆ ಬಿಟ್ಟಮೇಲೆ ಆ ಪುಸ್ತಕಕ್ಕೆ ಸಿಕ್ಕ ಮೊದಲ ಕೆಲಸ ಅದು. ಮನೆಯಲ್ಲಿ ಎಂಥ ಕಷ್ಟ ಬಂದಾಗಲೂ ಆ ನೋಟನ್ನು ಯಾರೂ ಮುಟ್ಟಿರಲಿಲ್ಲ.

ಈ ವರ್ಷ ಅಪ್ಪನನ್ನು 'ವರ್ಷದ ನೌಕರ' ಅಂತ ಆರಿಸಿ, ಬೆಂಕಿ ಆರಿಸುವ ಸಿಲಿಂಡರಿನ ಪಕ್ಕದಲ್ಲಿ ಅವನ ಫೋಟೋ ತೂಗುಹಾಕಿದರು. ಬಹುಮಾನವಾಗಿ ಸಮುದ್ರದ ದಂಡೆಯಲ್ಲಿರುವ ಇದೇ ಕಂಪನಿಯ ಇನ್ನೊಂದು ಹೋಟೆಲಿನಲ್ಲಿ ಕುಟುಂಬಸಮೇತ ಮೂರು ದಿನ. ವಿಮಾನದ ಟಿಕೆಟ್ಟು ಅವರದೇ. ಈಜುಕೊಳ ಖಾಲಿ ಮಾಡಿ ಟೈಲ್ಸು ಕೀಳುವ ತಿಂಗಳನ್ನೇ ಆರಿಸಿ ಕೊಟ್ಟಿದ್ದರು. ಅಪ್ಪನಿಗೆ ಅದರ ಚಿಂತೆಯಿರಲಿಲ್ಲ. ಬಹುಮಾನದ ಕಾಗದದ ಕೊನೆಯ ಸಾಲಿನಲ್ಲಿ 'ಏರ್‌ಪೋರ್ಟಿನಿಂದ ಹೋಟೆಲಿಗೆ ವ್ಯಾನಿನ ವ್ಯವಸ್ಥೆ ಇದೆ' ಅಂತ ಇತ್ತಲ್ಲ, ಅದನ್ನು ನನ್ನ ಕೈಲಿ ಎರಡು ಸಲ ಓದಿಸಿದ. ಭೂಗೋಳದ ಪುಸ್ತಕ ತೆರೆಯಿತು.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ಅದಕ್ಕೆ ಹೊಂದುವ ಒಳ್ಳೆಯ ಪ್ಯಾಂಟು ಅಂದರೆ ಅವನ ಹತ್ತಿರ ಯೂನಿಫಾರಮ್ಮಿನ ನೀಲಿ ಪ್ಯಾಂಟು ಒಂದೇ. ಎಡವಟ್ಟು ಅಲ್ಲಿಂದಲೇ ಮೊದಲಾಯಿತು.

ಸಮುದ್ರದ ಊರಿನಲ್ಲಿ ಇಳಿದು ಹೊರಗೆ ಬಂದಾಗ ನಮ್ಮದೇ ಬಣ್ಣದ ವ್ಯಾನು ನಿಂತಿತ್ತು. ಡ್ರೈವರು ಒಬ್ಬ ಹೆಂಗಸು. ಹೆಚ್ಚುಕಡಿಮೆ ಅಮ್ಮನ ವಯಸ್ಸು, ಮೊಣಕೈವರೆಗೆ ಮಡಿಸಿದ ತೋಳು, ಬಿಗಿಯಾಗಿ ಕಟ್ಟಿದ ತುರುಬು, ಅಪ್ಪನದೇ ಥರದ ಯೂನಿಫಾರಮ್ಮಿನ ನೀಲಿ ಪ್ಯಾಂಟು. ನಮ್ಮ ಜತೆ ಇನ್ನೂ ಮೂವರು ಅದೇ ವ್ಯಾನಿಗೆ ಬಂದರು. ಒಂದೇ ಥರದ ಟೋಪಿ ಹಾಕಿಕೊಂಡ ಗಂಡಹೆಂಡತಿ, ಮತ್ತೆ ಕಿವಿಯಿಂದ ಫೋನು ತೆಗೆಯದ ಒಬ್ಬ ದೊಡ್ಡ ಮನುಷ್ಯ.

ಅಪ್ಪ ಹಿಂದಿನ ಸೀಟಿಗೆ ಹೋಗಿ ಅತಿಥಿಯ ಹಾಗೆ ಕೂರಬೇಕು. ದಾರಿಯುದ್ದಕ್ಕೂ ಅಮ್ಮನಿಗೆ ಅದನ್ನೇ ವರ್ಣಿಸಿಕೊಂಡು ಬಂದಿದ್ದ. ಆದರೆ ಡಿಕ್ಕಿಯ ಬಾಗಿಲು ತೆರೆದಿತ್ತು, ಅದರ ಮುಂದೆ ನಾಲ್ಕು ಸೂಟ್‌ಕೇಸು ಸಾಲಾಗಿ ನಿಂತಿದ್ದವು. ಅಪ್ಪನ ಕಾಲು ಸೀಟಿನ ಕಡೆ ಹೊರಟರೂ ಕೈ ಆ ಕಡೆ ಹೊರಟುಹೋಯಿತು. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಹಿಡಿಗಳು ಹೊರಮುಖವಾಗಿ. ಅರ್ಧ ನಿಮಿಷದಲ್ಲಿ ನಾಲ್ಕನ್ನೂ ತುಂಬಿ, ಸೊಂಟದಿಂದ ಬಾಗಿಲು ತಳ್ಳಿ ಮುಚ್ಚಿದ. ಡ್ರೈವರಮ್ಮ ಕೈ ಚಾಚಿದವರು ಚಾಚಿದ ಹಾಗೇ ನಿಂತಿದ್ದರು. ಅಮ್ಮ ನನ್ನ ಮುಖ ನೋಡಿದಳು.

ಹೋಟೆಲು ತಲುಪಿದಾಗಲೂ ಅದೇ ಕಥೆ. ವ್ಯಾನು ಪೂರ್ತಿ ನಿಲ್ಲುವ ಮೊದಲೇ ಅಪ್ಪ ಇಳಿದಿದ್ದ. ಟೋಪಿಯ ಗಂಡ ಒಂದು ಇಪ್ಪತ್ತರ ನೋಟು ಕೊಟ್ಟ. ದೊಡ್ಡ ಮನುಷ್ಯ ಫೋನಿನಲ್ಲಿ ಯಾರನ್ನೋ ಬೈಯುತ್ತಲೇ ಐವತ್ತರದ್ದೊಂದನ್ನು ಮಡಿಸಿ, ಅಂಗೈ ಕೆಳಮುಖ ಮಾಡಿ, ತಿರುಗಿ ನೋಡದೆ ಕೊಟ್ಟು ಹೋದ. ಅಪ್ಪನ ಶಾಸ್ತ್ರದಂತೆ ನಡೆದುಕೊಂಡ ಮನುಷ್ಯ ಆ ವರ್ಷದಲ್ಲಿ ಅವನೊಬ್ಬನೇ ಇರಬೇಕು. ಅಪ್ಪ ಕೂಡ ಶಾಸ್ತ್ರ ಬಿಡದೆ, ನೋಡದೆ ಎರಡನ್ನೂ ಜೇಬಿಗೆ ಇಳಿಸಿದ.

ಆಮೇಲೆ ಅವನಿಗೆ ಎಚ್ಚರವಾಯಿತು. ಡ್ರೈವರಮ್ಮ ವ್ಯಾನಿನ ಕೀಲಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಅಪ್ಪನ ಮುಖ ಸುಣ್ಣ ಬಳಿದ ಹಾಗಾಯಿತು. ನೋಟುಗಳನ್ನು ತೆಗೆದು ಮುಂದೆ ಹಿಡಿದ.

"ಅಕ್ಕಾ, ಇದು ನಿಮ್ದು. ನಾನೂ ಇದೇ ಕಂಪನಿ ಡ್ರೈವರು. ಕೈಗೆ ಅಭ್ಯಾಸ ಆಗ್ಬಿಟ್ಟಿದೆ."

"ನಂದು ಹೇಗಾಗುತ್ತಣ್ಣ? ಎತ್ತಿದ್ದು ನೀವು."

ಅದು ಅಪ್ಪನದೇ ಮಾತು. ಪುಸ್ತಕದಿಂದ ಬಂದ ನೂರರ ನೋಟು ತೆಗೆದು, ಇದಾದರೂ ತೆಗೆದುಕೊಳ್ಳಿ, ಇದು ನಮ್ಮ ಕಡೆಯಿಂದ ಅಂದ. ಅವರು ಅದನ್ನೂ ಮುಟ್ಟಲಿಲ್ಲ.

"ನಿಮ್ಮ ಲಗೇಜಿಗೂ ನಾನು ಕೈ ಹಚ್ಚಲಿಲ್ವಲ್ಲ. ಸುಮ್ನೆ ತಗೊಂಡ್ರೆ ಅದು ಟಿಪ್ಸಲ್ಲ, ಭಿಕ್ಷೆ. ನೋಡಿ ಅಣ್ಣ, ಹೆಂಗಸು, ಪಾಪ, ಅಂತ ಗಂಡಸರೆಲ್ಲ ಇಲ್ಲಿ ತಾವೇ ಎತ್ಕೊಳ್ತಾರೆ. ಆಮೇಲೆ ನಾನೇ ಎತ್ತಿದ್ದಲ್ವಾ ಅಂತ ಕೈ ಬೀಸ್ಕೊಂಡು ಹೋಗ್ತಾರೆ. ಅದು ನನಗೆ ಅಭ್ಯಾಸ ಆಗಿದೆ. ನೀವೇ ಹೊಸಬರು. ಎತ್ತಿ, ದುಡ್ಡೂ ಇಸ್ಕೊಂಡ್ರಿ."

ಹೇಳಿದ್ದು ನಗುತ್ತಲೇ. ಆದರೂ ಅಪ್ಪ ಮೂರು ದಿನ ಆ ಮಾತಿನಿಂದ ಹೊರಬರಲಿಲ್ಲ.

ನಮ್ಮ ಕೋಣೆಯ ಒಂದು ಕಿಟಕಿ ಸಮುದ್ರಕ್ಕೆ, ಇನ್ನೊಂದು ಮುಂಬಾಗಿಲಿಗೆ. ಅಪ್ಪ ಕುರ್ಚಿಯನ್ನು ಮುಂಬಾಗಿಲ ಕಡೆಗೆ ತಿರುಗಿಸಿಕೊಂಡು ಕೂತ. ವ್ಯಾನು ಬಂದಾಗಲೆಲ್ಲ ವರದಿ ಒಪ್ಪಿಸುತ್ತಿದ್ದ. ಒಬ್ಬ ಮುದುಕ ಏದುಸಿರು ಬಿಡುತ್ತ ತನ್ನದನ್ನು ತಾನೇ ಎಳೆದುಕೊಂಡ, ಕೊಡಲಿಲ್ಲ. ಇಬ್ಬರು ಹುಡುಗರು ಓಡಿಬಂದು ಡ್ರೈವರಮ್ಮನ ಕೈಯಿಂದಲೇ ಕಸಿದುಕೊಂಡರು, ಕೊಡಲಿಲ್ಲ. ಸಮುದ್ರ ಈ ಕಡೆ ಇದೆ ಅಂತ ಅಮ್ಮ ಒಂದೆರಡು ಸಲ ನೆನಪಿಸಿದಳು. ಅದು ಎಲ್ಲಿಗೂ ಹೋಗಲ್ಲ ಬಿಡು ಅಂದ ಅಪ್ಪ.

ಎರಡನೇ ದಿನ ಅವನು ದುಡ್ಡನ್ನು ಲಕೋಟೆಯಲ್ಲಿ ಹಾಕಿ, ಡ್ರೈವರಮ್ಮನಿಗೆ ತಲುಪಿಸಿ ಅಂತ ರಿಸೆಪ್ಷನ್ನಿಗೆ ಕೊಡಲು ಹೋದ. ಅಲ್ಲಿದ್ದ ಹುಡುಗಿ, ಬಂದದ್ದೆಲ್ಲ ಸಿಬ್ಬಂದಿಯ ಕ್ಷೇಮನಿಧಿಗೆ ಹೋಗುತ್ತದೆ, ವರ್ಷದ ಕೊನೆಗೆ ಎಲ್ಲರಿಗೂ ಹಂಚುತ್ತಾರೆ ಅಂದಳು. ಅಪ್ಪ ಲಕೋಟೆಯನ್ನು ವಾಪಸು ಜೇಬಿಗೆ ಇಟ್ಟುಕೊಂಡ. ಕ್ಷೇಮನಿಧಿ ಅವನಿಗೆ ಗೊತ್ತಿದ್ದದ್ದೇ. ಹೋದ ವರ್ಷ ಅದರಿಂದ ಅವನ ಪಾಲಿಗೆ ಬಂದದ್ದು ಮ್ಯಾನೇಜರ ಫೋಟೋ ಇದ್ದ ಒಂದು ಕ್ಯಾಲೆಂಡರು.

ಕೊನೆಗೆ ದಾರಿ ತೋರಿಸಿದ್ದು ಅಮ್ಮ. ವಾಪಸು ಹೋಗುವಾಗ ನಮ್ಮ ಸೂಟ್‌ಕೇಸನ್ನು ಅವರೇ ಎತ್ತಲಿ, ಎತ್ತಿದ ಮೇಲೆ ಕೊಡಿ, ಆಗ ಬೇಡ ಅನ್ನಲು ಅವರಿಗೆ ಬಾಯಿರುವುದಿಲ್ಲ. ನೀವು ಮಾಡಬೇಕಾದ್ದು ಇಷ್ಟೇ, ಸುಮ್ಮನೆ ನಿಲ್ಲುವುದು.

"ಸುಮ್ನೆ ನಿಲ್ಲೋಕೆ ಆಗಲ್ವೇ," ಅಂದ ಅಪ್ಪ. ಅವನ ದನಿಯಲ್ಲಿ ನಿಜವಾದ ಭಯವಿತ್ತು.

ಹಾಗಾಗಿ ಕೋಣೆಯಲ್ಲೇ ಅಭ್ಯಾಸ ನಡೆಯಿತು. ನಮ್ಮ ಸೂಟ್‌ಕೇಸಿಗೆ ಒಂದು ಚಕ್ರ ಇಲ್ಲ, ಎತ್ತಿಯೇ ಒಯ್ಯಬೇಕು. ಅಮ್ಮ ಅದನ್ನು ಎತ್ತಿ ಮಂಚದ ಮೇಲೆ ಇಟ್ಟಳು. ಅಪ್ಪ ಕೈಕಟ್ಟಿ ನಿಂತೇ ಇದ್ದ. ಇಳಿಸಿ, ಬಚ್ಚಲಮನೆಯವರೆಗೆ ಒಯ್ದು, ಮತ್ತೆ ತಂದು ಎತ್ತಿಟ್ಟಳು. ಅಪ್ಪನ ಒಂದು ಬೆರಳೂ ಅಲುಗಲಿಲ್ಲ.

"ನೋಡಿದ್ಯಾ, ಆಗುತ್ತೆ," ಅಂದ ಅಪ್ಪ, ಬೆವರು ಒರೆಸಿಕೊಳ್ಳುತ್ತಿದ್ದ ಅಮ್ಮನಿಗೆ.

"ಆಗದೇ ಏನು. ಮನೇಲಿ ಗ್ಯಾಸ್ ಸಿಲಿಂಡರ್ ಎತ್ತುವಾಗ ಇಪ್ಪತ್ತೆರಡು ವರ್ಷದಿಂದ ಹೀಗೇ ನಿಂತಿದೀರಲ್ಲ," ಅಂದಳು ಅಮ್ಮ.

ನಾನು ಕಿಟಕಿಯ ಕಡೆ ತಿರುಗಿ ಸಮುದ್ರ ನೋಡಿದೆ.

ಹೊರಡುವ ದಿನ ಬೆಳಿಗ್ಗೆ ನಾವು ಮೊದಲೇ ಬಂದು ನಿಂತೆವು. ಅಪ್ಪ ಎರಡೂ ಅಂಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ. ಟೋಪಿಯವರೂ ಅದೇ ವ್ಯಾನಿಗೆ ಬಂದರು. ಡ್ರೈವರಮ್ಮ ನಮ್ಮ ಸೂಟ್‌ಕೇಸಿನ ಹಿಡಿಗೆ ಕೈ ಹಾಕಿದಾಗ ಅಪ್ಪನ ಭುಜ ಎರಡೂ ಎದ್ದವು. ಅಮ್ಮ ಹಿಂದಿನಿಂದ ಅಂಗಿ ಹಿಡಿದುಕೊಂಡಳು. ಅವರು ಒಂದೇ ಏಟಿಗೆ ಅದನ್ನು ಎತ್ತಿ ಒಳಗಿಟ್ಟರು. ನಮ್ಮ ಕಡೆ ನೋಡಿ, ಅರ್ಥವಾದವರ ಹಾಗೆ ಹುಬ್ಬು ಹಾರಿಸಿದರು.

ಅಷ್ಟರಲ್ಲಿ ಟೋಪಿಯ ಗಂಡ ತನ್ನ ಸೂಟ್‌ಕೇಸಿಗೆ ಬಾಗಿದ. "ಬಿಡಮ್ಮ ಬಿಡು, ಪಾಪ, ನಾನೇ ಇಡ್ತೀನಿ."

ಅಪ್ಪನ ಕೈ ಹೊರಗೆ ಬರಲಿಲ್ಲ. ಬಾಯಿ ಬಂತು. "ಸ್ವಾಮಿ, ಮುಟ್ಬೇಡಿ. ಅವರ ಕೆಲಸ ಅವರಿಗೆ ಬಿಡಿ."

"ಹೆಂಗಸಲ್ವೇನಯ್ಯ?"

"ಡ್ರೈವರು," ಅಂದ ಅಪ್ಪ.

ಟೋಪಿಯವನು ಅಪ್ಪನ ನೀಲಿ ಪ್ಯಾಂಟನ್ನೂ ಮುಖವನ್ನೂ ನೋಡಿದ. ಗುರುತು ಹತ್ತಿತು. ಮೊನ್ನೆ ಲಗೇಜು ಎತ್ತಿ ನನ್ನ ಹತ್ತಿರ ದುಡ್ಡು ತೆಗೆದುಕೊಂಡವನು ನೀನೇ ಅಲ್ಲವಾ, ಇವತ್ತು ಹೆಂಗಸಿನ ಕೈಲಿ ಎತ್ತಿಸಿ ಕೈಕಟ್ಟಿ ನಿಂತಿದ್ದೀಯಲ್ಲ, ಮ್ಯಾನೇಜರನ್ನು ಕರೆಯಲಾ ಅಂತ ಗದರಿದ. ಅವನ ಹೆಂಡತಿ, ಈಗಿನ ಕೆಲಸದವರೇ ಹೀಗೆ ಅಂದಳು.

ಅಪ್ಪ ವರ್ಷದ ನೌಕರ. ಅವನ ಫೋಟೋ ಗೋಡೆಯ ಮೇಲಿದೆ. ಅದನ್ನು ಹೇಳಬಹುದಿತ್ತು, ಕೊನೇಪಕ್ಷ ತಾನೂ ಅತಿಥಿ ಅನ್ನಬಹುದಿತ್ತು. ಕಂಕುಳನ್ನು ಇನ್ನೂ ಬಿಗಿ ಮಾಡಿಕೊಂಡ.

"ಇವತ್ತು ನನಗೆ ರಜಾ, ಸ್ವಾಮಿ."

ಟೋಪಿಯವನು ಗೊಣಗುತ್ತ ಹೋಗಿ ಸೀಟಿನಲ್ಲಿ ಕೂತ. ಅವನ ಎರಡು ಸೂಟ್‌ಕೇಸೂ ಡ್ರೈವರಮ್ಮನ ಕೈಯಲ್ಲೇ ಡಿಕ್ಕಿ ಸೇರಿದವು. ಏರ್‌ಪೋರ್ಟಿನಲ್ಲಿ ಅವರೇ ಇಳಿಸಿಯೂ ಕೊಟ್ಟರು. ದಾರಿಯಲ್ಲಿ ಅವನು, ಈ ವ್ಯಾನಿನಲ್ಲೂ ಅಂಟಿಸಿದ್ದ ಅದೇ ಬಂಗಾರದ ಅಕ್ಷರದ ಕಾರ್ಡನ್ನು ಓದಿಕೊಂಡು ಬಂದಿದ್ದ. ಇಳಿದವನು ಡ್ರೈವರಮ್ಮನ ಮುಂದೆ ನಿಂತು, ಹಲ್ಲೆಲ್ಲ ಕಾಣುವ ಹಾಗೆ ಒಂದು ದೊಡ್ಡ ನಗು ಕೊಟ್ಟು ಹೋದ. ಅವನ ಹೆಂಡತಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು, ಗಂಡನಿಗೆ ಕಾಣದಂತೆ ಏನೋ ಕೊಟ್ಟು ಓಡಿದಳು.

ಆಮೇಲೆ ಅಪ್ಪನ ಸರದಿ. ಬಲಗೈಯನ್ನು ಮಾತ್ರ ಹೊರಗೆ ತೆಗೆದ. ನೂರರ ನೋಟಿನೊಳಗೆ ಮೊನ್ನೆಯ ಐವತ್ತು ಮತ್ತು ಇಪ್ಪತ್ತನ್ನು ಇಟ್ಟು ನಾಲ್ಕು ಮಡಿಕೆ ಮಾಡಿದ್ದ. ಅಂಗೈ ಕೆಳಮುಖವಾಗಿತ್ತು. ಡ್ರೈವರಮ್ಮ ಕೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡರು, ನೋಡಲಿಲ್ಲ, ಎದೆಯ ಜೇಬಿಗೆ ಇಳಿಸಿದರು. "ಹೋಗಿಬನ್ನಿ ಅಣ್ಣ," ಅಂದರು.

ನಾವು ಬಾಗಿಲ ಕಡೆ ನಡೆದೆವು. ಅಪ್ಪನ ಕತ್ತು ಕೋಲಿನ ಹಾಗೆ ನೆಟ್ಟಗಿತ್ತು.

"ನಾನು ತಿರುಗಿ ನೋಡ್ಬಾರ್ದು. ನೀನು ನೋಡು. ಎಣಿಸ್ತಿದಾರಾ?"

ನಾನು ತಿರುಗಿ ನೋಡಿದೆ. ಗಾಜಿನ ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಡ್ರೈವರಮ್ಮ ಮಡಿಕೆ ಬಿಚ್ಚಿ, ನೂರರ ನೋಟನ್ನು ಬೆಳಕಿಗೆ ಹಿಡಿದು ಅಸಲಿಯೋ ನಕಲಿಯೋ ಅಂತ ಪರೀಕ್ಷಿಸುತ್ತಿದ್ದರು. ಒಳಗಿದ್ದ ಐವತ್ತು, ಇಪ್ಪತ್ತು ಕಂಡು ತಲೆಯಾಡಿಸಿ ನಕ್ಕರು. ನಾನು ನೋಡುತ್ತಿರುವುದು ಗೊತ್ತಾದರೂ ಎಣಿಸುವುದನ್ನು ನಿಲ್ಲಿಸಲಿಲ್ಲ.

"ಇಲ್ಲಪ್ಪ. ಆಗ್ಲೇ ವ್ಯಾನ್ ಹತ್ತಿದ್ರು."

"ಕಸುಬು ಗೊತ್ತಿರೋರು," ಅಂದ ಅಪ್ಪ. ಅವನ ಕತ್ತು ಸಡಿಲವಾಯಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹತ್ತೊಂಬತ್ತು ವರ್ಷದಿಂದ ಒಳಗೇ ಓಡಾಡಿಕೊಂಡಿದ್ದವನ ಹಾಗೆ ಮುಂದೆ ಮುಂದೆ ನಡೆದ.

ಹಿಂದಿನಿಂದ ಅಮ್ಮ ಕರೆದಳು. ಒಂದು ಚಕ್ರವಿಲ್ಲದ ಸೂಟ್‌ಕೇಸು ವ್ಯಾನಿನಿಂದ ಇಲ್ಲಿಯವರೆಗೆ ಅವಳ ಕೈಯಲ್ಲೇ ಬಂದಿತ್ತು. ಅದನ್ನು ನೆಲಕ್ಕೆ ಇಟ್ಟು, ಕೈಯ ಧೂಳನ್ನು ಸೆರಗಿಗೆ ಒರೆಸಿಕೊಂಡು, ಅಂಗೈ ಚಾಚಿದಳು.

"ನನಗೇನಾದ್ರೂ ಕೊಡ್ತೀರೋ, ಇಲ್ಲ ನಕ್ಕು ಹೋಗ್ತೀರೋ?"

ಅಪ್ಪ ಎರಡೂ ಜೇಬನ್ನು ಒಟ್ಟಿಗೆ ತಡವಿಕೊಂಡ.