ನಡುಗಡ್ಡೆಯ ಕಾವಲು

"ಹೂತಿಟ್ಟ ಚಿನ್ನಕ್ಕೆ ಕಾವಲು ಬೇಕಲ್ಲ? ಕಳ್ಳರ ನಾಯಕ ಜೊತೆಯವನೊಬ್ಬನನ್ನ ಕರೆದ. 'ಬಾರಪ್ಪ, ಒಳ್ಳೇ ಕೆಲಸ ಇದೆ, ರಜಾ ಮಾತ್ರ ಇಲ್ಲ' ಅಂತ ಹೇಳಿ ಅವನನ್ನೂ ಅದರ ಮೇಲೇ ಹೂತುಬಿಟ್ಟ."

ಪ್ರವಾಸಿಗಳು ನಕ್ಕರು. ಈ ಮಾತಿಗೆ ನಗದವರನ್ನು ದೋಣಿಯವನು ಇದುವರೆಗೆ ಕಂಡಿರಲಿಲ್ಲ. ಜನರನ್ನು ದಡದಿಂದ ನಡುಗಡ್ಡೆಗೆ ಕರೆತಂದು, ಕಡಲುಗಳ್ಳರ ಕತೆ ಹೇಳಿ, ವಾಪಸು ಬಿಡುವುದು ಅವನ ಕಸುಬು. ಉಳಿದ ದೋಣಿಗಳವರು ಅವನನ್ನು ಬುರುಡೆ ಎಂದೇ ಕರೆಯುತ್ತಿದ್ದರು. ಬುರುಡೆ ಬಿಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನಿಗೂ ಆ ಹೆಸರಿನ ಬಗ್ಗೆ ಬೇಸರವಿರಲಿಲ್ಲ.

ಪ್ರವಾಸಿಗಳು ಎಸೆದ ಬಾಟಲಿಗಳನ್ನು ಆರಿಸಲು ಬಂಡೆಯ ಹಿಂದಕ್ಕೆ ಹೋಗಿದ್ದ ಹೆಂಡತಿ ಆಗಲೇ ಬಂದು ಅವನ ಅಂಗೈಗೆ ಏನನ್ನೋ ಒತ್ತಿದಳು. ಹಸಿರು ಕಿಲುಬು ಹಿಡಿದ ತಾಮ್ರದ ನಾಣ್ಯ. ಒಂದು ಬದಿಯಲ್ಲಿ ಯಾವನೋ ರಾಜನ ಮೂಗು, ಅರ್ಧ ಗದ್ದ. ಅವನಿಗೆ ಕತೆಯ ಎಳೆ ತಪ್ಪಿಹೋಯಿತು.

"ಆಮೇಲೆ?" ಎಂದಳು ಮುಂದೆ ಕೂತಿದ್ದ ಹೆಂಗಸು.

"ಆಮೇಲೇನು, ಹಡಗು ಹತ್ತಿ ಹೋದರು" ಎಂದು ಮುಗಿಸಿಬಿಟ್ಟ.

ಪ್ರವಾಸಿಗಳನ್ನು ದಡಕ್ಕೆ ಬಿಟ್ಟು ಹಗ್ಗ ಕಟ್ಟುತ್ತಾ ಅವನು ದನಿ ತಗ್ಗಿಸಿ ಕೇಳಿದ, "ಇನ್ನೂ ಇವೆಯಾ?"

"ಮೊನ್ನೆಯ ಬಿರುಗಾಳಿಗೆ ಬಂಡೆ ಹಿಂದಿನ ದಿಬ್ಬ ಕುಸಿದಿದೆಯಲ್ಲ, ಅಲ್ಲೆಲ್ಲ ಇಣುಕ್ತಿವೆ."

"ಬಾಯಿಗೆ ಬೀಗ ಹಾಕ್ಕೋ. ಸರ್ಕಾರಕ್ಕೆ ಗೊತ್ತಾದ್ರೆ ನಡುಗಡ್ಡೆಗೆ ಬೇಲಿ ಬೀಳುತ್ತೆ. ಆಮೇಲೆ ನಾವು ಗಾಳಿ ಕುಡ್ಕೊಂಡು ಬದುಕಬೇಕಾಗುತ್ತೆ." ಅವನಿಗೆ ಒಳಗೊಳಗೇ ನಗು. "ನಾನು ಬಿಟ್ಟಿದ್ದೆಲ್ಲ ಬುರುಡೆ ಅಲ್ಲ ಅಂತಾಯ್ತು ನೋಡು."

ಅವಳು ನಗಲಿಲ್ಲ. "ಬರೀ ನಾಣ್ಯ ಅಲ್ಲ ರೀ. ಒಂದು ದವಡೆ ಇದೆ. ಮನುಷ್ಯರದ್ದು."

"ಯಾವ ಕಾಲದ್ದೋ, ಬಿಡು."

"ಹಲ್ಲು ಇನ್ನೂ ಪೂರ್ತಿ ಬಂದಿಲ್ಲ. ನಮ್ಮ ಮಗಳ ಬಾಯಿಯ ಎಕ್ಸ್‌ರೇ ತೋರಿಸಿದ್ರಲ್ಲ ಡಾಕ್ಟರು, ಥೇಟ್ ಹಾಗೇ. ಹಿಂದಿನ ಹಲ್ಲು ಮೂಳೆಯೊಳಗೇ ಇದೆ."

ಅವನು ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. ಅಷ್ಟರಲ್ಲಿ ಮುಂದಿನ ತಂಡ ಬಂದು ನಿಂತಿತ್ತು.

ಆ ಸಲವೂ ಅವನು ಕತೆ ಹೇಳಿದ. ಹೆಂಡತಿ ಬಂಡೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಆ ಕಡೆ ಹೊರಟವರಿಗೆಲ್ಲ "ಹೋಗ್ಬೇಡಿ, ಕಾಲು ಜಾರುತ್ತೆ" ಎನ್ನುತ್ತಿದ್ದಳು. ರಜೆಯಿಲ್ಲದ ಕೆಲಸದ ಮಾತು ಬಂದಾಗ ಎಲ್ಲರೂ ನಕ್ಕರು. ಅವನಿಗೆ ಹೆಂಡತಿ ಕೂತಿದ್ದ ಕಡೆ ನೋಡಲಾಗಲಿಲ್ಲ.

ಮರುದಿನ ಅವನೇ ನಾಣ್ಯವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮ್ಯೂಸಿಯಮ್ಮಿಗೆ ಹೋದ. ಅಲ್ಲಿನ ಅಧಿಕಾರಿಣಿ ಕೆಲಸದವರೊಂದಿಗೆ ಬಂದು, ದಿಬ್ಬದ ಮುಂದೆ ಮಂಡಿಯೂರಿ ಕುಂಚದಿಂದ ಮರಳು ಸರಿಸಿದಳು.

"ಕಡಲುಗಳ್ಳರಲ್ಲ. ಯಾವುದೋ ಕಂಪನಿ ಹಡಗು ಒಡೆದಿರಬೇಕು. ಇದು ಸಿಪಾಯಿಗಳ ಸಂಬಳದ ಚಿಲ್ಲರೆ ಇದ್ದ ಹಾಗಿದೆ. ಆಗೆಲ್ಲ ಹಡಗಿನಲ್ಲಿ ಮಕ್ಕಳನ್ನೂ ದುಡಿಸ್ತಿದ್ರು."

"ಯಾರಾದ್ರೂ ಹೂತಿದ್ರಾ ಮೇಡಂ, ಆ ಹುಡುಗನನ್ನ?"

"ಹೇಳೋಕಾಗಲ್ಲ. ತೆರೆ ತಂದು ಹಾಕಿರಬಹುದು."

ವಾರ ಕಳೆಯುವುದರೊಳಗೆ ಬೇಲಿ ಬಿತ್ತು. "ಎಲ್ಲರ ಹೊಟ್ಟೆ ಮೇಲೆ ಹೊಡೆದೆಯಲ್ಲೋ" ಎಂದರು ಉಳಿದ ದೋಣಿಗಳವರು. ಅವನು ಎಂಜಿನ್ ಒರೆಸುತ್ತಾ ಕೂತ. ಅಗೆತ ಮುಗಿಯುವವರೆಗೆ ಪುರಾತತ್ವ ಇಲಾಖೆಯವರನ್ನು ದಾಟಿಸುವ ಕೆಲಸವಿತ್ತು. ಅದು ಮುಗಿದ ಮೇಲೆ ಏನೆಂದು ಅವನಿಗೂ ಗೊತ್ತಿರಲಿಲ್ಲ. ಹೆಂಡತಿ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲಸ ಕೇಳಿ ಬಂದಿದ್ದಳು.

ಮೂಳೆಗಳನ್ನು ಸಾಗಿಸುವ ದಿನ, ಕೆಲಸದವರು ಒಂದು ಪೆಟ್ಟಿಗೆಯನ್ನು ತಂದು ದೋಣಿಯ ಮುಂದಿನ ಹಲಗೆಯ ಮೇಲಿಟ್ಟರು. ಅಷ್ಟೇನೂ ದೊಡ್ಡದಲ್ಲ, ಒಬ್ಬನೇ ಎತ್ತಬಹುದಾಗಿತ್ತು. ದೋಣಿ ನೀರು ಸೀಳಿದಂತೆ ಹನಿಗಳು ಹಾರಿ ಪೆಟ್ಟಿಗೆಯ ಮೇಲೆ ಬೀಳತೊಡಗಿದವು. ಹೆಂಡತಿ ಎದ್ದು ಹೋಗಿ, ಬಿಸಿಲಿಗೆಂದು ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಅದರ ಮೇಲೆ ಹೊದಿಸಿದಳು.

"ಒಳಗೆ ನೀರು ಹೋಗಲ್ಲಮ್ಮ, ಭದ್ರವಾಗಿದೆ" ಎಂದಳು ಅಧಿಕಾರಿಣಿ.

"ಇರಲಿ" ಎಂದು ಅವಳು ಬಟ್ಟೆಯ ಅಂಚು ಹಾರದಂತೆ ಹಿಡಿದುಕೊಂಡು ಅಲ್ಲೇ ಕೂತಳು.

ಹಿಂದಿನಿಂದ ನೋಡುತ್ತಿದ್ದ ಅವನು ಎಂಜಿನ್ನಿನ ವೇಗ ತಗ್ಗಿಸಿದ. ಹನಿ ಹಾರುವುದು ನಿಂತಿತು. ದಡ ನಿಧಾನವಾಗಿ ಹತ್ತಿರ ಬರತೊಡಗಿತು.