ಸುಳ್ಳು ಕೆರೆಯ ದಾರಿ

ಊರೆಲ್ಲ ಅಕ್ಷರಪ್ಪ ಎಂದು ಕರೆಯುತ್ತಿದ್ದ ಬೋರ್ಡ್ ಬರೆಯುವವನಿಗೆ ಎರಡು ಜಂಬಗಳಿದ್ದವು. ತನ್ನ ಕೈಯ ಅಕ್ಷರ ಮಳೆಗೂ ಬಿಸಿಲಿಗೂ ಜಗ್ಗುವುದಿಲ್ಲ ಎಂಬುದು ಒಂದು. ತಾನು ಬರೆದ ಬೋರ್ಡನ್ನು ನಂಬಿ ಹೊರಟವರು ಈವರೆಗೆ ದಾರಿ ತಪ್ಪಿಲ್ಲ ಎಂಬುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದನ್ನು ಯಾರೂ ಪರೀಕ್ಷೆ ಮಾಡಿ ನೋಡಿರಲಿಲ್ಲ, ಅಷ್ಟೇ.

ಅವನ ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕೊರಳಲ್ಲಿ ಸದಾ ಟೇಪು. ಎರಡು ಸಲ ಅಳೆಯದೆ ಕತ್ತರಿ ಮುಟ್ಟಿದವಳಲ್ಲ. ಅರ್ಧ ಇಂಚು ಹೆಚ್ಚುಕಮ್ಮಿಯಾದರೂ ಹೊಲಿದ ಅಂಗಿಯನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿಯುವವಳು. ಗಂಡನ ಮಾತಿನಲ್ಲಿ ಹೆಚ್ಚುಕಮ್ಮಿ ಗಜಗಟ್ಟಲೆ ಇರುತ್ತದೆಂದು ಗೊತ್ತಿದ್ದೂ ಅವನ ಜೊತೆ ಸಂಸಾರ ಮಾಡಿಕೊಂಡು ಬಂದಿದ್ದಳು. ಅವಳ ತಾಳ್ಮೆಗೆ ಬೇರೆ ಸಾಕ್ಷಿ ಬೇಡ.

ಈ ಸಂಸಾರದಲ್ಲಿ ಒಂದು ಮಾತು ಮಾತ್ರ ಹಾಗೇ ಉಳಿದುಬಿಟ್ಟಿತ್ತು. ಮದುವೆಯಾದ ಹೊಸದರಲ್ಲಿ ಅಕ್ಷರಪ್ಪ ಪಕ್ಕದ ನಗರಕ್ಕೆ ದಾರಿ ತೋರಿಸುವ ಬೋರ್ಡುಗಳನ್ನು ಬರೆಯಲು ಹೋಗಿ ಮೂರು ವಾರ ಇದ್ದು ಬಂದಿದ್ದ. ಅಲ್ಲಿ ಕೆರೆ ಉದ್ಯಾನವೊಂದಿದೆಯಂತೆ, ಕಾಲಲ್ಲಿ ತುಳಿಯುವ ದೋಣಿಗಳಿವೆಯಂತೆ, ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದ. ಅದಾಗಿ ಇಪ್ಪತ್ತೆಂಟು ವರ್ಷ. ಒಂದು ವರ್ಷ ಶಾಲೆ ಸಮವಸ್ತ್ರದ ರಾಶಿ, ಇನ್ನೊಂದು ವರ್ಷ ಚುನಾವಣೆಯ ಗೋಡೆಗಳು, ಆಮೇಲೆ ಮಗಳು, ಮಗಳ ಓದು. ಮೊದಮೊದಲು ಅವಳು ಕೇಳುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ಅವಳು ಬೈದಿದ್ದರೆ ಅಕ್ಷರಪ್ಪನಿಗೆ ನಿದ್ದೆ ಬರುತ್ತಿತ್ತು. ಕೇಳುವುದನ್ನೇ ಬಿಟ್ಟದ್ದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಈ ಸಲ ಇಬ್ಬರನ್ನೂ ಹೊರಡಿಸಿದ್ದು ಮಗಳು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಅವಳಿಗೆ ಭೂಮಿಯ ಚಿಂತೆ ಬಹಳ. ಪ್ರವಾಸವೆಂದರೆ ಕಾರು ತುಂಬ ಜನ, ದಾರಿ ತುಂಬ ಹೊಗೆ ಅಲ್ಲವೆಂದು ಹೇಳಿ, ಷರತ್ತುಗಳ ಕಾಗದವೊಂದನ್ನು ಅಪ್ಪನ ಕೈಗಿಟ್ಟಳು. ರೈಲು, ಬಸ್ಸು, ಕಾಲುನಡಿಗೆ ಬಿಟ್ಟು ಬೇರೆ ಕೂಡದು. ನೀರಿನ ಬಾಟಲಿ ಕೊಳ್ಳುವಂತಿಲ್ಲ. ಉದ್ಯಾನಗಳನ್ನೂ ಆ ಊರಿನದೇ ಆದ ಜಾಗಗಳನ್ನೂ ನೋಡಬೇಕು. ಬಂದ ಮೇಲೆ ಹತ್ತಕ್ಕೆ ಎಷ್ಟು ಅಂಕವೆಂದು ತಾನು ಹೇಳುತ್ತೇನೆ ಎಂದಳು.

ಅಕ್ಷರಪ್ಪ ಈ ಕಾಗದವನ್ನು ತಲೆಯ ಮೇಲೆ ಹೊತ್ತು ಕುಣಿದ. ಎರಡು ದಿನದ ಪ್ರವಾಸದ ಯೋಜನೆಯನ್ನು ಹಲಗೆಯ ಮೇಲೆ ಎರಡು ಬಣ್ಣದಲ್ಲಿ ಬರೆದು, ಅಂಚಿಗೆ ಬಳ್ಳಿ ಬಿಡಿಸಿ, ಹೊಲಿಗೆ ಯಂತ್ರದ ಎದುರು ತೂಗುಹಾಕಿದ. ಮೊದಲ ದಿನ ರೈಲು, ನಡಿಗೆ, ಕೆರೆ ಉದ್ಯಾನ, ದೋಣಿ. ಎರಡನೇ ದಿನ ಗಡಿಯಾರ ಗೋಪುರ, ಹಳೆಯ ಮಾರುಕಟ್ಟೆ, ಗುಲಾಬಿ ತೋಟ. ಬಟ್ಟೆ ಕೊಡಲು ಬಂದವರೆಲ್ಲ ಅದನ್ನು ಓದಿ, ಯಾವಾಗ ಉದ್ಘಾಟನೆ ಎಂದು ಕೇಳಿದರು. ದೂರ ಎಷ್ಟಿದೆಯೆಂದು ಫೋನಿನಲ್ಲಿ ನೋಡೋಣವೆಂದು ಮಗಳು ಅಂದದ್ದಕ್ಕೆ ಅವನ ಮುಖ ಕೆಂಪಗಾಯಿತು.

"ಆ ಊರಿಗೆ ದಾರಿ ತೋರಿಸಿದವನೇ ನಾನು. ನನಗೆ ಫೋನು ದಾರಿ ತೋರಿಸಬೇಕಾ?"

ಹೊರಡುವ ಹಿಂದಿನ ದಿನ ಹೆಂಡತಿ ಒಂದು ಹೊಸ ರವಿಕೆ ಹೊಲಿದುಕೊಂಡಳು, ಕೆರೆಯ ನೀರಿನ ಬಣ್ಣದ್ದು. ಅದನ್ನು ಕಂಡ ಅಕ್ಷರಪ್ಪ, ಈ ಸಲ ದೋಣಿ ತಪ್ಪಿದರೆ ಈ ಜನ್ಮಕ್ಕೆ ತನ್ನ ಮಾತಿಗೆ ಬೆಲೆಯಿಲ್ಲ ಎಂದುಕೊಂಡ.

ಮಧ್ಯಾಹ್ನ ಮೂರಕ್ಕೆ ರೈಲು ಇಳಿದರು. ಕೊನೆಯ ದೋಣಿ ಐದಕ್ಕೆ. ನಿಲ್ದಾಣದ ಹೊರಗೆ, ಬಣ್ಣ ಸ್ವಲ್ಪ ಮಾಸಿದ್ದರೂ, ಅವನದೇ ಬೋರ್ಡು ನಿಂತಿತ್ತು: ಕೆರೆ ಉದ್ಯಾನ ೧.೨ ಕಿ.ಮೀ. ಅಕ್ಷರಪ್ಪ ಕಳೆದುಹೋದ ಮಗುವನ್ನು ಕಂಡವನಂತೆ ಓಡಿದ. ಆ 'ಕೆ' ಅಕ್ಷರದ ಎತ್ವ ನೋಡು, ಅಂಕಿಗಳ ನಡುವಿನ ಜಾಗ ನೋಡು, ಅಕ್ಷರಕ್ಕೂ ಉಸಿರಾಡಲು ಜಾಗ ಬಿಡಬೇಕು, ಈಗಿನವರಿಗೆ ಅದೆಲ್ಲಿ ಗೊತ್ತು ಎಂದು ಹೆಂಡತಿಗೆ ಪಾಠ ಮಾಡಿದ. ಅವಳು ನೋಡಿದಳು. ಅಷ್ಟು ದೂರಕ್ಕೆ ಇಪ್ಪತ್ತು ನಿಮಿಷ ಸಾಕು ಎಂದು ಲೆಕ್ಕ ಹಾಕಿ, ಚೀಲ ಹೆಗಲಿಗೇರಿಸಿದಳು.

ದಾರಿಯಲ್ಲಿ ಸೈಕಲ್ ರಿಪೇರಿ ಅಂಗಡಿಗಳು, ಒಂದು ಮುದ್ರಣಾಲಯ, ಹಳೆ ಪುಸ್ತಕದ ಗಾಡಿ. ಅಕ್ಷರಪ್ಪ ಪ್ರತಿ ಅಂಗಡಿಯ ಬೋರ್ಡಿಗೂ ಅಂಕ ಕೊಡುತ್ತ ನಡೆದ. ಯಾರಿಗೂ ನಾಲ್ಕರ ಮೇಲೆ ಕೊಡಲಿಲ್ಲ. ಇಪ್ಪತ್ತು ನಿಮಿಷ ಮುಗಿದಾಗ ಎದುರಿಗೆ ಒಂದು ಪುಟ್ಟ ಪಾರ್ಕು ಬಂತು. ಹತ್ತಿಪ್ಪತ್ತು ಮರ, ಎಂಟು ಬೆಂಚು, ಒಂದು ಕೊಳಾಯಿ. ಕೆರೆ ಹೋಗಲಿ, ಒಂದು ಹೊಂಡವೂ ಇರಲಿಲ್ಲ. ಗೇಟಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ "ಸುಳ್ಳು ಕೆರೆ" ಎಂದು ಬರೆದಿದ್ದರು.

ಗಿಡಗಳಿಗೆ ನೀರು ಹಾಕುತ್ತಿದ್ದ ತೋಟದ ಕೆಲಸದವಳು ಇವರನ್ನು ಕಂಡವಳೇ, ಏನೂ ಕೇಳದೆ ಒಂದು ಬೆಂಚು ಒರೆಸಿಕೊಟ್ಟಳು.

"ಕೆರೆಗೆ ಬಂದವರು ತಾನೇ? ಕೂತ್ಕೊಳ್ಳಿ ಅಕ್ಕ. ಸ್ಟೇಷನ್ ಹತ್ರ ಯಾರೋ ಪುಣ್ಯಾತ್ಮ ಬೋರ್ಡ್ ಬರೆದು ಹೋಗಿದಾನೆ. ಕೆರೆ ಇರೋದು ಹನ್ನೆರಡು ಕಿಲೋಮೀಟರು."

ಬೋರ್ಡು ನಂಬಿ ನಡೆದು ಬಂದವರು ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿ ಕೂರುತ್ತಿದ್ದರಂತೆ. ಕೂರುವವರು ಹೆಚ್ಚಾದರೆಂದು ಬಡಾವಣೆಯವರು ಬೆಂಚು ಹಾಕಿಸಿದರು, ಬೆಂಚಿಗೆ ನೆರಳು ಬೇಕೆಂದು ಗಿಡ ನೆಟ್ಟರು, ಗಿಡಕ್ಕೆ ನೀರು ಬೇಕೆಂದು ಇವಳನ್ನು ಕೆಲಸಕ್ಕೆ ಇಟ್ಟುಕೊಂಡರು. ಮೊದಲು ಇಲ್ಲಿ ಕಸದ ಗುಡ್ಡೆ ಇತ್ತಂತೆ. ಬೋರ್ಡು ಸರಿಮಾಡಿ ಎಂದು ಕಚೇರಿಯವರಿಗೆ ಮೂರು ಅರ್ಜಿ ಹೋಗಿದೆ, ಇನ್ನೂ ಯಾರೂ ಬಂದಿಲ್ಲ ಎಂದು ಹೇಳಿ, ಬರೆದವನು ಸಿಕ್ಕಿದರೆ ಬೈಯಬೇಕೋ ಕೈ ಮುಗಿಯಬೇಕೋ ತನಗೇ ಗೊತ್ತಿಲ್ಲವೆಂದಳು.

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಅಕ್ಷರಪ್ಪ ಹತ್ತಿರದ ಮರದ ತೊಗಟೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವಳು ಕೊರಳ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಹೊಸ ರವಿಕೆಯ ಬೆನ್ನು ಬೆವರಿಗೆ ಒದ್ದೆಯಾಗಿತ್ತು. ಅದನ್ನು ನೋಡಿದ ಮೇಲೆ ಅವನಿಗೆ ಸುಮ್ಮನಿರಲಾಗಲಿಲ್ಲ.

"ಆ ಪುಣ್ಯಾತ್ಮ ನಾನೇ ಕಣಮ್ಮ," ಎಂದ.

ತೋಟದವಳು ನೀರಿನ ಪೈಪು ಕೈಬಿಟ್ಟು ನಕ್ಕ ನಗೆಗೆ ಮೂರು ಬೆಂಚಿನಲ್ಲಿ ಮಲಗಿದ್ದವರು ಎದ್ದು ಕೂತರು. ಅಕ್ಷರಪ್ಪ ಗಡಿಬಿಡಿಯಿಂದ, ಬಸ್ಸು ಹಿಡಿದರೆ ಕೊನೆಯ ದೋಣಿ ಸಿಗಬಹುದು, ಮಗಳೂ ಬಸ್ಸಿಗೆ ಅಂಕ ಕಳೆಯುವುದಿಲ್ಲ, ನಡಿ ಹೋಗೋಣ ಎಂದ. ಹೆಂಡತಿ ಏಳಲಿಲ್ಲ.

"ಅಳತೆ ತಪ್ಪಿದೆ ಅಂತ ಗೊತ್ತಾದ ಮೇಲೆ ನಾನು ಬಟ್ಟೆನ ಗಿರಾಕಿಗೆ ಕೊಡಲ್ಲ ರೀ. ನಿಮ್ಮ ಚೀಲದಲ್ಲಿ ಬ್ರಶ್ಶು, ಬಣ್ಣ ಎಲ್ಲ ಇದೆ, ನಂಗೊತ್ತು. ಇವತ್ತು ಬೋರ್ಡು. ಇಪ್ಪತ್ತೆಂಟು ವರ್ಷ ಕಾದಿದೀನಿ, ನಾಳೆ ಬೆಳಗ್ಗೆ ತನಕ ಕಾಯ್ತೀನಿ."

ಆಗ ತೋಟದವಳ ನಗು ನಿಂತಿತು. ಬೋರ್ಡು ಸರಿಯಾದರೆ ಇಲ್ಲಿಗೆ ಯಾರು ಬರುತ್ತಾರೆ, ಈ ಗಿಡಗಳ ಗತಿಯೇನು, ತನ್ನ ಕೆಲಸದ ಗತಿಯೇನು ಎಂದು ಸಪ್ಪೆ ಮುಖ ಮಾಡಿದಳು. ಬಟ್ಟೆ ಸಾಲದಿದ್ದಾಗ ಕೆಳಗೆ ಇನ್ನೊಂದು ಪಟ್ಟಿ ಕೊಟ್ಟು ಹೊಲಿಯುವುದಿಲ್ಲವೇ, ಹಾಗೆಯೇ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಬರೆದರಾಯಿತು ಎಂದಳು ಹೆಂಡತಿ. ತೋಟದವಳು ಪಾರ್ಕಿನ ಏಣಿಯನ್ನು ತಾನೇ ಎತ್ತಿಕೊಂಡಳು. ಮೂವರೂ ಬಂದ ದಾರಿಯಲ್ಲೇ ವಾಪಸು ನಡೆದರು. ಕಚೇರಿಯವರು ಕೇಳಿದರೆ ನಾಲ್ಕನೇ ಅರ್ಜಿ ತಾನೇ ಕೊಡುತ್ತೇನೆ ಎಂದು ತೋಟದವಳು ದಾರಿಯುದ್ದಕ್ಕೂ ಧೈರ್ಯ ಹೇಳಿದಳು.

ಅಕ್ಷರಪ್ಪ ಏಣಿ ಹತ್ತಿ ಮೊದಲು ಎರಡನೆಯ ಸಾಲು ಬರೆದ: ಸುಳ್ಳು ಕೆರೆ ೧.೨ ಕಿ.ಮೀ. ಆಮೇಲೆ ಕನ್ನಡಕ ಏರಿಸಿ ಮೇಲಿನ ಸಾಲಿನಲ್ಲಿ ಒಂದಕ್ಕೂ ಎರಡಕ್ಕೂ ನಡುವೆ ಇದ್ದ ಚುಕ್ಕೆಯನ್ನು ಹತ್ತಿರದಿಂದ ನೋಡಿದ. ಅದು ಬ್ರಶ್ಶಿನಿಂದ ಇಟ್ಟ ಚುಕ್ಕೆಯೇ ಅಲ್ಲ. ಮೇಲಿನಿಂದ ತೊಟ್ಟಿಕ್ಕಿ, ಸಣ್ಣ ಬಾಲ ಬಿಟ್ಟು ಒಣಗಿದ ಬಣ್ಣದ ಹನಿ. ಉಸಿರಾಡಲು ಬಿಟ್ಟ ಜಾಗದಲ್ಲೇ ಬಂದು ಕೂತಿತ್ತು. ಅದನ್ನು ನೋಡುತ್ತ ನೋಡುತ್ತ ಅವನಿಗೆ ಆ ದಿನ ನೆನಪಾಯಿತು.

ಕೆಳಗೆ ಏಣಿ ಹಿಡಿದಿದ್ದ ಹೆಂಡತಿ, ಏನಾಯಿತು, ಯಾಕೆ ಕೈ ನಿಂತಿತು ಎಂದು ಕೇಳಿದಳು.

"ನೀನು ಬರೆದ ಮೊದಲ್ನೇ ಕಾಗದ ಅವತ್ತು ಬಂದಿತ್ತು ಕಣೆ. ಇಳಿಯೋ ತನಕ ತಡೆಯೋಕಾಗ್ಲಿಲ್ಲ. ಒಂದು ಕೈಯಲ್ಲಿ ಬ್ರಶ್ಶು, ಇನ್ನೊಂದು ಕೈಯಲ್ಲಿ ನಿನ್ನ ಕಾಗದ, ಇಲ್ಲೇ ಮೇಲೆ ನಿಂತು ಓದಿದೆ."

ಅವನು ಕಾಗದದಲ್ಲಿ ಇದ್ದದ್ದನ್ನೂ ಹೇಳಿದ. ಎರಡು ಪುಟ ತುಂಬ ಹೊಲಿಗೆ ಯಂತ್ರದ ಸೂಜಿ ಮುರಿದ ಕಥೆ. ಅಲ್ಲಿ ಒಳ್ಳೆ ಬಿಳಿ ದಾರ ಸಿಕ್ಕಿದರೆ ಎರಡು ಉಂಡೆ ತನ್ನಿ ಎಂಬ ಮಾತು. ಕಟ್ಟಕಡೆಯಲ್ಲಿ, ಸಣ್ಣ ಅಕ್ಷರದಲ್ಲಿ, 'ಬೇಗ ಬನ್ನಿ'. ಅಲ್ಲಿಗೆ ಬಂದಾಗಲೇ ಬ್ರಶ್ಶಿನ ಮೇಲೆ ಗಮನ ಇಲ್ಲದೆ ಹೋಗಿರಬೇಕು.

ಏಣಿಯನ್ನು ಒಂದು ಕೈಯಲ್ಲಿ ಹಿಡಿದಿದ್ದ ಹೆಂಡತಿ ಈಗ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ದಾರ ತಂದಿರಲಿಲ್ಲ ನೀವು," ಎಂದಳು.

ಅಕ್ಷರಪ್ಪ ಬ್ಲೇಡಿನ ತುದಿಯಿಂದ ಮೆಲ್ಲಗೆ ಕೆರೆದ. ಇಪ್ಪತ್ತೆಂಟು ವರ್ಷ ಗಟ್ಟಿಯಾಗಿ ಕೂತಿದ್ದ ಹನಿ ಅಂಗಿಯ ಗುಂಡಿಯ ಹಾಗೆ ಇಡಿಯಾಗಿ ಎದ್ದು ಬಂತು. ಅದನ್ನು ಅವನು ರಸ್ತೆಗೆ ಊದಿಬಿಡುವಷ್ಟರಲ್ಲಿ ಹೆಂಡತಿ ಕೆಳಗಿನಿಂದ ಕೈ ಚಾಚಿದಳು.

"ಬಿಸಾಕಬೇಡಿ. ಇಲ್ಲಿ ಕೊಡಿ."