ಶಿವಗಂಗವ್ವನ ಖಾರದ ಡಬ್ಬಿ

ನಾನು ಒಂದು ಸ್ಟೀಲಿನ ಖಾರದ ಡಬ್ಬಿ. ಸಿಹಿ ಮಾತು ಬೇಕಿದ್ದರೆ ಸಕ್ಕರೆ ಡಬ್ಬಿಯ ಹತ್ತಿರ ಹೋಗಿ, ಕ್ಷಮಿಸುವುದೆಲ್ಲ ನನಗೆ ಒಗ್ಗದು. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಅಚ್ಚಿನ ಒಂದೇ ಏಟಿಗೆ. ರಾಣೆಬೆನ್ನೂರಿನ ಪಾತ್ರೆ ಅಂಗಡಿಯವನು ಕಟಕಟ ಎನ್ನುವ ಯಂತ್ರ ಹಿಡಿದು ನನ್ನ ಹೊಟ್ಟೆಯ ಮೇಲೆ ಚುಕ್ಕಿಚುಕ್ಕಿಯಾಗಿ 'ಶಿವಗಂಗಾ' ಎಂದು ಕೊರೆದ. ಅಂದಿನಿಂದಲೇ ನಾನು ಸಿಡುಕಿ.

ಶಿವಗಂಗವ್ವನಿಗೆ ನಾನು ಮದುವೆಯ ಉಡುಗೊರೆ. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು, ಎರಡನ್ನೂ ಸಮಸಮ ಕುಟ್ಟಿಸಿ ಇಪ್ಪತ್ತಾರು ವರ್ಷ ನನ್ನೊಳಗೆ ತುಂಬಿದಳು. ಮಗಳು ನೀಲಾಂಬಿಕಾ ಸ್ಪ್ಯಾನಿಷ್ ಕಲಿಯಲು ಮೂರು ತಿಂಗಳು ಸ್ಪೇನಿನ ಸಲಾಮಾಂಕಾ ಎಂಬ ಊರಿಗೆ ಹೊರಟಾಗ ನನ್ನನ್ನು ಹಳೇ ಸೀರೆಯಲ್ಲಿ ಸುತ್ತಿ ಅವಳ ಸೂಟ್‌ಕೇಸಿಗೆ ತುರುಕಿದಳು.

"ಅವರು ಏನರ ಕೊಡಲಿ, ಮ್ಯಾಲ ಒಂದ್ ಚಿಟಿಕಿ ಹಾಕ್ಕೋ ನೀಲವ್ವ. ಹೊಟ್ಟಿಗೆ ಹತ್ತತೈತಿ" ಅಂದಳು.

ಅಲ್ಲಿ ಶಾಲೆಯವರು ನೀಲವ್ವನನ್ನು ದೋಲೋರೆಸ್ ಎಂಬ ಹೆಂಗಸಿನ ಮನೆಯಲ್ಲಿ ಇಳಿಸಿದರು. ನನಗೆ ಅಡುಗೆಮನೆಯ ಕಪಾಟಿನಲ್ಲಿ ಜಾಗ ಸಿಕ್ಕಿತು. ನೀಲವ್ವ ಬೆಳಿಗ್ಗೆ ಸ್ನಾನ ಮುಗಿಸಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿಯೇ ಬಾಯಿಗೆ ನೀರು ಹಾಕುವ ಹುಡುಗಿ. 'ನಾನು ಮಾಂಸ ತಿನ್ನುವುದಿಲ್ಲ' ಎಂಬ ಸ್ಪ್ಯಾನಿಷ್ ಮಾತನ್ನು ಊರಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಮೊದಲ ದಿನವೇ ಅದನ್ನು ಎರಡು ಸಲ ಹೇಳಿದಳು. ದೋಲೋರೆಸ್ ಎರಡು ಸಲವೂ ತಲೆಯಾಡಿಸಿದಳು.

ಆಮೇಲೆ ಆದದ್ದನ್ನು ಕಪಾಟಿನಿಂದ ನಾನು ಕಣ್ಣಾರೆ ಕಂಡೆ. ಮಸೂರ ಕಾಳು ಕುದಿಯುತ್ತಿತ್ತು. ದೋಲೋರೆಸ್ ಹಂದಿಮಾಂಸದ ಹ್ಯಾಮನ್ನು ಸಣ್ಣಗೆ ಹೆಚ್ಚಿ ಅದಕ್ಕೆ ಸುರಿದಳು. ಅವಳ ತಂಗಿ ಪಕ್ಕದಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ನನಗೆ ಆಗ ಆ ಭಾಷೆ ಬಾರದು, ಅವರ ಮಾತುಗಳ ಅರ್ಥ ತಿಳಿದದ್ದು ವರ್ಷಗಳ ಮೇಲೆ, ಆದರೆ ಅಂಥ ನಗು ಅರ್ಥವಾಗಲು ಭಾಷೆ ಯಾಕೆ ಬೇಕು? ನೀಲವ್ವ ಊಟಕ್ಕೆ ಕೂತು ನನ್ನಿಂದ ಒಂದು ಚಿಟಿಕೆ ಉದುರಿಸಿಕೊಂಡು ತಟ್ಟೆ ಖಾಲಿ ಮಾಡಿದಳು. ಮೂರು ದಿನವೂ ಇದೇ ನಡೆಯಿತು.

ದೋಲೋರೆಸಳ ಅಪ್ಪ ಬೆನಿತೋ ಅಜ್ಜ ಹಲ್ಲಿಲ್ಲದವನು, ಎದೆ ಸರಿಯಿಲ್ಲದವನು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬನೇ ಕೂತು ತೆಳ್ಳನೆಯ ಸೂಪು ಕುಡಿಯುತ್ತಿದ್ದ. ನೀಲವ್ವನಿಗೆ ಚಮಚ, ಬಾಗಿಲು, ರೊಟ್ಟಿ ಎಂದು ಒಂದೊಂದನ್ನೇ ತೋರಿಸಿ ಹೆಸರು ಕಲಿಸುತ್ತಿದ್ದವನೂ ಅವನೇ. ನಾಲ್ಕನೆಯ ದಿನ ಅವನು ಎದ್ದು ಬಂದು ಅವಳ ತಟ್ಟೆಯನ್ನು ತನ್ನತ್ತ ಎಳೆದುಕೊಂಡ. ಗುಲಾಬಿ ಚೂರುಗಳನ್ನು ಫೋರ್ಕಿನಿಂದ ಆರಿಸಿ ಅಂಚಿಗಿಟ್ಟು ಮಗಳ ಮುಖ ನೋಡಿದ.

ದೋಲೋರೆಸ್ ಭುಜ ಕುಣಿಸಿದಳು. "ಇದರಲ್ಲಿ ಮಾಂಸ ಎಲ್ಲಿದೆ? ಇದು ಹ್ಯಾಮ್. ರುಚಿಗೆ ಚೂರು ಹಾಕಿದ್ದೇನೆ."

ಅಲ್ಲಿಯ ಕೆಲವರು ಹ್ಯಾಮನ್ನು ಮಾಂಸದ ಲೆಕ್ಕಕ್ಕೆ ಸೇರಿಸುವುದಿಲ್ಲವಂತೆ. ಇರಬಹುದು. ಹಾಗಾದರೆ ತಂಗಿ ಬಾಯಿಗೆ ಕೈ ಅಡ್ಡ ಹಿಡಿದದ್ದು ಯಾಕೆ?

ನೀಲವ್ವ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡಳು. ಎರಡು ದಿನ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವ ಧೈರ್ಯ ಅವಳಿಗೆ ಬರಲಿಲ್ಲ. ಬಾಳೆಹಣ್ಣು ತಿಂದು ಮಲಗಿದಳು, ಅವ್ವನಿಗೆ ಫೋನಿನಲ್ಲಿ ಊಟ ಚೆನ್ನಾಗಿದೆ ಅಂದಳು. ಈ ಹೆಂಗಸಿನ ಕಣ್ಣಲ್ಲಿ ನೀರು ತರಿಸದಿದ್ದರೆ ನಾನು ಖಾರದ ಡಬ್ಬಿಯೇ ಅಲ್ಲ ಅಂದುಕೊಂಡೆ.

ಭಾನುವಾರ ತಂಗಿಯೂ ಅವಳ ಗಂಡನೂ ಊಟಕ್ಕೆ ಬಂದರು. ದೋಲೋರೆಸ್ ಆಲೂಗಡ್ಡೆ ಬೇಯಿಸಿ ಮಸೆದಿದ್ದಳು. ಅದಕ್ಕೆ ಅವರು ಕೆಂಪು ಮೆಣಸಿನ ಪುಡಿ ಧಾರಾಳವಾಗಿ ಕಲಸುತ್ತಾರೆ, ಆದರೆ ಅವರದು ಉರಿಯೇ ಇಲ್ಲದ ಸಪ್ಪೆ ಪುಡಿ. ಆವತ್ತು ಅದು ಮುಗಿದಿತ್ತು. ಅವಳು ನನ್ನ ಮುಚ್ಚಳ ತೆಗೆದು ಇಣುಕಿದಳು. ಬಣ್ಣ ಅದೇ. ಇದು ಖಾರವೇ ಎಂದು ನೀಲವ್ವನನ್ನು ಕೇಳಿದಳು.

ನೀಲವ್ವ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ನಮ್ಮ ಮನೆಯಲ್ಲಿ ಮಕ್ಕಳೂ ತಿನ್ನುತ್ತಾರೆ" ಅಂದಳು.

ಭಲೇ ನನ್ನವ್ವ! ಸುಳ್ಳೂ ಅಲ್ಲ. ದೋಲೋರೆಸ್ ಮೂರು ದೊಡ್ಡ ಚಮಚ ಸುರಿದಳು. ನೀಲವ್ವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೊದಲು ತಂಗಿ ಕುರ್ಚಿ ಬಿಟ್ಟೆದ್ದಳು, ಮೂಗು ಬಾಯಿ ಒಂದಾಗಿ ಸುರಿಯುತ್ತಿತ್ತು. ದೋಲೋರೆಸ್ ನಲ್ಲಿಗೆ ಬಾಯಿ ಒಡ್ಡಿದಳು. ಆಹಾ, ನಾನು ಕಣ್ತುಂಬ ನೋಡಿದೆ. ಅಷ್ಟರಲ್ಲಿ ಒಂದು ಕೆಮ್ಮು ಕೇಳಿಸಿತು. ಆಲೂಗಡ್ಡೆ ಮೆತ್ತಗಿದೆಯೆಂದು ಬೆನಿತೋ ಅಜ್ಜ ಆವತ್ತು ಸೂಪು ಬಿಟ್ಟು ಅದನ್ನೇ ಬಾಯ್ತುಂಬ ತಿಂದಿದ್ದ.

ನೀಲವ್ವ ಓಡಿಬಂದಳು. ಅಜ್ಜನ ಬೆನ್ನು ನೀವಿದಳು, ಹಾಲು ಕುಡಿಸಲು ನೋಡಿದಳು. ಅವನಿಗೆ ಉಸಿರೇ ಸಿಗುತ್ತಿರಲಿಲ್ಲ. ಆಂಬುಲೆನ್ಸ್ ಬಂದು ಅವನನ್ನು ಒಯ್ದಿತು. ಆಗ ಅವಳು ದೋಲೋರೆಸಳ ಎದುರು ನಿಂತು, ಬಂದಷ್ಟು ಸ್ಪ್ಯಾನಿಷಿನಲ್ಲಿ, "ನನಗೆ ಗೊತ್ತಿತ್ತು. ಬೇಕಂತಲೇ ಹೇಳಲಿಲ್ಲ" ಅಂದಳು.

ಅಜ್ಜ ಮೂರನೆಯ ದಿನ ಮನೆಗೆ ಬಂದ. ಜೀವ ಉಳಿಯಿತು, ದನಿ ಹೋಯಿತು. ಶಾಲೆಯವರು ನೀಲವ್ವನಿಗೆ ಬೇರೆ ಮನೆ ನೋಡಿದರು. ಹೊರಡುವಾಗ ಅವಳು ಅಜ್ಜನ ಕಾಲು ಮುಟ್ಟಿ ಅತ್ತಳು. ದೋಲೋರೆಸ್ ನನ್ನನ್ನು ತೊಳೆದು ಕೈಯಲ್ಲಿ ಹಿಡಿದು ನಿಂತಿದ್ದಳು. ನೀಲವ್ವ ನನ್ನತ್ತ ತಿರುಗಿಯೂ ನೋಡಲಿಲ್ಲ.

ವರ್ಷಗಳಾದವು. ನಾನೀಗ ದೋಲೋರೆಸಳ ಫ್ರಿಜ್ಜಿನ ಮೂಲೆಯಲ್ಲಿದ್ದೇನೆ. ಒಳಗೆ ಅವಳು ಹ್ಯಾಮಿನ ಚೂರು ತುಂಬಿಟ್ಟಿದ್ದಾಳೆ, ಹೊರಗೆ ಶಿವಗಂಗವ್ವನ ಹೆಸರು. ಬೇಕಂತಲೇ ಮಾಡಿದ್ದಾಳೆ, ನನಗೇನು ತಿಳಿಯದೇ? ಅವಳ ಮೇಲಿನ ಸಿಟ್ಟು ಈಗಲೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಒಂದು ಮಾತನ್ನು ಯಾರಿಗೂ ಹೇಳಿಲ್ಲ. ನನ್ನ ಮುಚ್ಚಳ ಬಲು ಬಿಗಿ. ಶಿವಗಂಗವ್ವನೂ ಚಮಚದ ಹಿಡಿ ಹಾಕಿ ಮೀಟಿಯೇ ತೆಗೆಯಬೇಕಿತ್ತು. ಆ ಭಾನುವಾರ ದೋಲೋರೆಸ್ ಎರಡು ಬೆರಳಿಟ್ಟಳು, ನಾನೇ ಸಡಿಲ ಬಿಟ್ಟೆ.